ಮೊಮ್ಮಗಳಿಗೆ ನಾನು ಕಲಿಸಿದ್ದು

ಹೋದ ತಿಂಗಳು ಮದ್ದೂರಿನಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಮಂಡ್ಯಕ್ಕೆ ಬರುತ್ತಿದ್ದೆ. ಹನಕೆರೆಯಲ್ಲಿ ರೈಲು ಯಾಕೋ ಹೊತ್ತು ಮಾಡಿತು. ಕಿಟಕಿಯಿಂದ ಬೆಲ್ಲ ಬೇಯುವ ವಾಸನೆ ಬಂತು. ಎದುರಿಗೆ ಕೂತಿದ್ದ ಹೆಂಗಸು, "ಎಲ್ಲೋ ಹತ್ರದಲ್ಲೇ ಆಲೆಮನೆ ಐತೆ" ಅಂತ ಮೂಗರಳಿಸಿದಳು. ನಾನು ಎದ್ದು ಆಚೆ ಬದಿಯ ಸೀಟಿಗೆ ಹೋಗಿ ಕೂತೆ. ಮೂವತ್ತು ವರ್ಷ ಆಲೆಮನೆ ನಡೆಸಿದವನು ಬೆಲ್ಲದ ವಾಸನೆಗೆ ಜಾಗ ಬಿಟ್ಟು ಏಳುತ್ತಾನೆ ಅಂದರೆ ಕೇಳಿದವರು ನಗಬಹುದು. ಕಾರಣವನ್ನು ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳಿದ್ದೇನೆ. ಪೂರ್ತಿಯಾಗಿ ಯಾರಿಗೂ ಹೇಳಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತೇನೆ.

ಅದು ನನ್ನ ಮೊಮ್ಮಗಳು ಚೈತ್ರಳಿಗೆ ಐದು ತುಂಬಿದ ವರ್ಷ. ನಮ್ಮೂರು ಕೆರಗೋಡಿನ ಪಕ್ಕ. ಮನೆಯಿಂದ ಕೂಗಳತೆ ದೂರದಲ್ಲಿ, ಕಾಲುವೆ ಏರಿಯ ಮೇಲೆ ನಮ್ಮ ಆಲೆಮನೆ ಇತ್ತು. ಮನೆಯಲ್ಲಿ ನಾನು, ನನ್ನ ಹೆಂಡತಿ ನಿಂಗಮ್ಮ, ಮಗ ಮಹೇಶ, ಸೊಸೆ ಸವಿತ, ಈ ಮಗು. ಮಹೇಶ ಕರೆಂಟು ಇಲಾಖೆಯಲ್ಲಿ ಲೈನ್‌ಮನ್. ಸವಿತ ಮಳವಳ್ಳಿ ಕಡೆಯವಳು.

ಚೈತ್ರಳಿಗೆ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಗಾಣದ ಚಕ್ರವನ್ನು ನೋಡುತ್ತ ಅರ್ಧ ದಿನ ನಿಂತುಬಿಡುವಳು. ಏನಾದರೂ ಬೇಕಾಗಿ ಅದು ಸಿಗದೆ ಹೋದರೆ ಬಲಗೈ ಮಣಿಕಟ್ಟನ್ನು ಬಾಯಿಗಿಟ್ಟು ಕಚ್ಚಿಕೊಳ್ಳುವಳು. ಸುಮ್ಮನೆ ಕಚ್ಚುವುದಲ್ಲ, ಹಲ್ಲಿನ ಗುರುತು ಕಪ್ಪಾಗುವ ಹಾಗೆ. ನಿಂಗಮ್ಮ ಹರಕೆ ಹೊತ್ತಳು, ತಾಯಿತ ಕಟ್ಟಿಸಿದಳು. ಸವಿತ ಮಗುವನ್ನು ಮೈಸೂರಿನ ಡಾಕ್ಟರಿಗೆ ತೋರಿಸಿ ಆಟಿಸಂ ಅನ್ನುವ ಹೆಸರು ತಿಳಿದುಕೊಂಡು ಬಂದಳು. ಆಮೇಲೆ ವಾರಕ್ಕೆ ಎರಡು ದಿನ ಕೆರಗೋಡಿನಿಂದ ಬಸ್ಸು ಹಿಡಿದು, ಇಂಥ ಮಕ್ಕಳಿಗೆ ತರಬೇತಿ ಕೊಡುವ ಮಂಡ್ಯದ ಒಂದು ಕೇಂದ್ರಕ್ಕೆ ಕರೆದುಕೊಂಡು ಹೋಗತೊಡಗಿದಳು.

ಗೌರಿ ಹಬ್ಬ ಕಳೆದ ವಾರ ಅಲ್ಲಿಂದ ರಶ್ಮಿ ಮೇಡಂ ಮನೆಗೇ ಬಂದರು. ಚಿಕ್ಕ ವಯಸ್ಸಿನ ಹುಡುಗಿ. ಮಳೆ ಹನಿಯುತ್ತಿತ್ತು, ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡರು.

"ಮಗೂಗೆ ಎಲ್ಲಕ್ಕಿಂತ ಇಷ್ಟ ಏನು?" ಅಂತ ಕೇಳಿದರು.

"ಬಿಸಿ ಬೆಲ್ಲ ಮೇಡಂ. ಅಚ್ಚಿಗೆ ಉಯ್ಯೋಕ್ ಮುಂಚೆ ಇರ್ತದಲ್ಲ, ಅದು" ಅಂದಳು ಸವಿತ.

"ಸರಿ. ಇನ್ಮೇಲೆ ಆ ಬೆಲ್ಲ ಒಂದೇ ಒಂದು ಕೆಲಸಕ್ಕೆ ಸಿಗ್ಬೇಕು. ಅವಳು ಒಂದು ಅಂಗೈ ಚಾಚಿ ಇನ್ನೊಂದು ಕೈಯಲ್ಲಿ ಎರಡು ಸಲ ತಟ್ಟಬೇಕು. ಅದೇ ಅವಳ 'ಕೊಡು'. ತಟ್ಟಿದ ಕೂಡ್ಲೆ ಕೊಡಿ, ಹೊಗಳಿ. ಕಚ್ಚಿಕೊಂಡ್ರೆ ಬೈಬೇಡಿ, ಮುದ್ದು ಮಾಡ್ಬೇಡಿ, ಬೆಲ್ಲ ಮಾತ್ರ ಕೊಡ್ಲೇಬೇಡಿ. ಗಾಯ ಆಗ್ದಿರೋ ಹಾಗೆ ಈ ದಪ್ಪ ಪಟ್ಟಿ ಕಟ್ಟಿ. ಕೈ ಬಾಯಿಂದ ಈಚೆ ಬಂತಾ, ಆಗ ತಟ್ಟೋದನ್ನ ತೋರ್ಸಿ."

ನಾನು ಸುಮ್ಮನಿರಲಾರದೆ, "ಕೋಲೆಬಸವನ್ಗೆ ತಲೆಯಾಡ್ಸೋದ್ ಕಲ್ಸ್ತಾರಲ್ಲ, ಅಂಗೆ ಅನ್ನಿ" ಅಂದೆ. ಮಹೇಶ ನಕ್ಕ, ನಿಂಗಮ್ಮ ನಕ್ಕಳು. ಸವಿತ ನಗಲಿಲ್ಲ.

ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. "ನಿಮಗೆ ಗೊತ್ತಿರೋದೇ ಹೇಳ್ತೀನಿ ತಾತ. ಗದ್ದೇಲಿ ಯಾವ ಸಾಲಿಗೆ ನೀರು ಬಿಡ್ತೀರೋ ಆ ಸಾಲು ತಾನೇ ಬೆಳೆಯೋದು? ಕಚ್ಚೋ ಸಾಲಿಗೆ ನೀರು ನಿಲ್ಸೋಣ, ತಟ್ಟೋ ಸಾಲಿಗೆ ಬಿಡೋಣ. ಮನೆಯವರೆಲ್ಲ ಒಂದೇ ಥರ ಇರ್ಬೇಕು ಅಷ್ಟೆ. ಒಬ್ರು ಕದ್ದು ತೂಬು ಎತ್ತಿದ್ರೂ ಕೆಟ್ಟೋಗುತ್ತೆ" ಅಂದರು.

ಎಲ್ಲರೂ ತಲೆಯಾಡಿಸಿದೆವು. "ಆಯ್ತು ಕಣಮ್ಮ" ಅಂತ ಬಾಯಿಬಿಟ್ಟು ಒಪ್ಪಿಕೊಂಡವನು ನಾನೊಬ್ಬನೇ.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಸವಿತ ಬರಿಗಾಲಲ್ಲಿ ಆಲೆಮನೆಗೆ ಓಡಿ ಬಂದಳು. "ಮಾವ, ತಟ್ಟುದ್ಲು! ನಾನ್ ಕೈ ಹಿಡೀಲಿಲ್ಲ, ಅವಳೇ ತಟ್ಟುದ್ಲು!" ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. ಅವಳು ಒಂದು ಪುಸ್ತಕ ಇಟ್ಟಿದ್ದಳು. ಚೈತ್ರ ಒಂದು ಸಲ ಕಚ್ಚಿಕೊಂಡರೆ ಒಂದು ಗೀಟು. ದಿನಕ್ಕೆ ಇಪ್ಪತ್ತು ಗೀಟು ಇದ್ದದ್ದು ದಸರಾ ಹೊತ್ತಿಗೆ ಮೂರು ನಾಲ್ಕಕ್ಕೆ ಇಳಿಯಿತು. ಅಮ್ಮನ ಮುಂದೆ ತಟ್ಟುತ್ತಿದ್ದಳು, ಅಪ್ಪನ ಮುಂದೆ ತಟ್ಟುತ್ತಿದ್ದಳು, ಕೊನೆಗೆ ಗೊಣಗುತ್ತಿದ್ದ ನಿಂಗಮ್ಮನ ಮುಂದೆಯೂ ಹೋಗಿ ತಟ್ಟಿದಳು. ನನ್ನ ಹತ್ತಿರ ಬರುತ್ತಿರಲಿಲ್ಲ. ಬರುವಂಥದ್ದು ನಾನು ಏನೂ ಮಾಡಿರಲಿಲ್ಲ, ಅದು ಬೇರೆ ಮಾತು. ಆದರೂ ನನಗೆ ಒಳಗೇ ಚುಚ್ಚುತ್ತಿತ್ತು.

ದಸರಾ ಕಳೆದ ಮೇಲೆ ಸವಿತ ಮಧ್ಯಾಹ್ನ ಎರಡು ಗಂಟೆ ಹೊತ್ತು ಕಳೆ ಕೀಳಲು ಗದ್ದೆಗೆ ಹೋಗಬೇಕಾಯಿತು. ನಿಂಗಮ್ಮನಿಗೆ ಮಂಡಿನೋವು, ಮಗುವಿನ ಹಿಂದೆ ಓಡುವ ಹಾಗಿರಲಿಲ್ಲ. ಸವಿತ ಚೈತ್ರಳನ್ನು ಆಲೆಮನೆಯಲ್ಲಿ ನನ್ನ ಹತ್ತಿರ ಬಿಟ್ಟಳು. ಒಂದು ಚಿಕ್ಕ ಡಬ್ಬಿಯಲ್ಲಿ ಕಡಲೆಕಾಳಿನಷ್ಟು ಬೆಲ್ಲದ ಉಂಡೆ ಮಾಡಿ ಕೊಟ್ಟು, "ತಟ್ಟುದ್ರೆ ಒಂದು ಮಾವ. ತಟ್ನಿಲ್ಲ ಅಂದ್ರೆ ಇಲ್ಲ" ಅಂದಳು.

ಕೊಪ್ಪರಿಗೆಯ ಹತ್ತಿರ ಪಾಕದ ಹದ ನೋಡುವವನು ಬೋರಣ್ಣ. ಕುದಿಯುವ ಪಾಕವನ್ನು ಒಂದು ಚೂರು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ಹೇಳುತ್ತಿದ್ದ. ಆ ಉಂಡೆ ಯಾವಾಗಲೂ ಎದುರಿಗೆ ನಿಂತ ಯಾರಿಗಾದರೂ ಹೋಗುತ್ತಿತ್ತು. ನಮ್ಮ ಕಡೆ ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ದಾರಿಹೋಕ ಬರಲಿ, ಭಿಕ್ಷುಕ ಬರಲಿ, ಜಗಳವಾಡಿ ಮಾತು ಬಿಟ್ಟವನೇ ಬರಲಿ, ಒಂದು ತುಂಡು ಬೆಲ್ಲ ಕೈಗಿಡಬೇಕು. ಇಲ್ಲ ಅಂದರೆ ಪಾಕ ಕೆಡುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದರು.

ಚೈತ್ರಳ ಕಣ್ಣು ಬೋರಣ್ಣನ ಬೆರಳ ಮೇಲಿತ್ತು. ತಟ್ಟಲಿಲ್ಲ. ಕೈ ಬಾಯಿಗೆ ಹೋಯಿತು. ಪಟ್ಟಿಯನ್ನು ಹಲ್ಲಿನಿಂದ ಸರಿಸಿ ಅದರ ಕೆಳಗೆ ಕಚ್ಚಿದಳು. ರಕ್ತ ಬಂತು. ಕಬ್ಬು ಇಳಿಸುತ್ತಿದ್ದ ಆಳುಗಳೆಲ್ಲ ಕೆಲಸ ನಿಲ್ಲಿಸಿ ನೋಡಿದರು.

"ಇದೇನ್ ಗೌಡ್ರೆ" ಅಂದ ಬೋರಣ್ಣ. "ಆಲೆಮನೆಗ್ ಬಂದ ನಾಯ್ಗೂ ಒಂದ್ ತುಂಡ್ ಆಕ್ತೀವಿ. ಮೊಮ್ಮಗಳ್ನ ಇಂಗ್ ನಿಲ್ಸ್ಕಂಡು ನೋಡ್ತಿದ್ದೀರಲ್ಲ, ನಿಮ್ದೇನು ಎದೆಯೋ ಗಾಣದ್ ಕಲ್ಲೋ? ಕೊಟ್ಬುಡಿ."

ಕೊಟ್ಟುಬಿಟ್ಟೆ. ಕೈ ಆ ಕ್ಷಣವೇ ಬಾಯಿಂದ ಇಳಿಯಿತು. ಬೆಲ್ಲ ಚೀಪುತ್ತ ನನ್ನ ಪಕ್ಕ ಕೂತಳು. ಕೂತು, ನನ್ನ ಮೊಣಕಾಲಿಗೆ ಬೆನ್ನು ಒರಗಿಸಿದಳು. ಐದು ವರ್ಷದಲ್ಲಿ ಅದೇ ಮೊದಲು. ಗುಬ್ಬಚ್ಚಿಯಂಥ ಭಾರ. ಸಂಪ್ರದಾಯ, ನಮ್ಮಪ್ಪನ ಮಾತು, ಬೋರಣ್ಣನ ಮಾತು ಅಂತ ನಾನು ಎಷ್ಟು ನೆಪ ಹೇಳಿದರೂ, ನಿಜ ಆ ಭಾರ. ಅದು ನನಗೆ ಇನ್ನೊಂದು ಸಲ ಬೇಕಾಯಿತು.

ಮಾರನೇ ದಿನ ಅವಳು ಕೊಪ್ಪರಿಗೆಯ ಹತ್ತಿರ ಹೋಗಲೇ ಇಲ್ಲ. ನೆಟ್ಟಗೆ ನನ್ನ ಮುಂದೆ ಬಂದು ನಿಂತು, ನನ್ನ ಮುಖ ನೋಡಿ, ಮಣಿಕಟ್ಟನ್ನು ಬಾಯಿಗಿಟ್ಟಳು. ಅಳುವಿಲ್ಲ, ಸಿಟ್ಟಿಲ್ಲ. ಬೇರೆ ಮಕ್ಕಳು "ತಾತ, ಕೊಡು" ಅನ್ನುವ ಹಾಗೆ. ನನಗೆ ಅರ್ಥವಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಅರ್ಥವಾಯಿತು. ಆದರೂ ಕೊಟ್ಟೆ. ಅಮ್ಮನ ಮುಂದೆ ತಟ್ಟುವುದು, ತಾತನ ಮುಂದೆ ಕಚ್ಚುವುದು ಅಂತ ಆ ಮಗು ಎರಡು ಪಾಠವನ್ನು ಬೇರೆ ಬೇರೆ ಇಟ್ಟುಕೊಂಡಿತು.

ಸಾಯಂಕಾಲ ಸವಿತ ಬರುವ ಮೊದಲು ತೊಟ್ಟಿಯ ಹತ್ತಿರ ಮಗುವಿನ ಬಾಯಿ ತೊಳೆಸುತ್ತಿದ್ದೆ. ಪಟ್ಟಿ ಸರಿ ಮಾಡಿ ಕಟ್ಟುತ್ತಿದ್ದೆ. "ಎಷ್ಟ್ ಸಲ ಕಚ್ಚುದ್ಲು ಮಾವ?" ಅಂತ ಅವಳು ಪುಸ್ತಕ ತೆಗೆದರೆ, "ಒಂದ್ಸಲನೂ ಇಲ್ಲ ಕಣಮ್ಮ" ಅನ್ನುತ್ತಿದ್ದೆ. ಅವಳು ನಂಬಿ ಸೊನ್ನೆ ಬರೆಯುತ್ತಿದ್ದಳು. ಸೊನ್ನೆ ಸುತ್ತುವಾಗ ಅವಳ ಮುಖದಲ್ಲಿ ಒಂದು ಸಣ್ಣ ನಗು ಬರುತ್ತಿತ್ತು.

ಕಾರ್ತಿಕದ ಮಂಜು ಬೀಳುವ ಕಾಲಕ್ಕೆ ಮಣಿಕಟ್ಟಿನಲ್ಲಿ ಕೀವು ಕಂಡಿತು. ನನಗೆ ಹೆದರಿಕೆಯಾಯಿತು. ಇನ್ನು ಕೊಡಬಾರದು ಅಂತ ಎರಡು ದಿನ ಗಟ್ಟಿ ಮನಸ್ಸು ಮಾಡಿದೆ. ಮೊದಲ ದಿನ ಕಚ್ಚಿಕೊಂಡಳು, ಎರಡನೇ ದಿನ ಕಂಬಕ್ಕೆ ಹಣೆ ಚಚ್ಚಿಕೊಂಡಳು. ಮೂರನೇ ದಿನ ನನ್ನ ಕೈಲಾಗಲಿಲ್ಲ. ಕೊಟ್ಟೆ, ಅದೂ ದಿನಕ್ಕಿಂತ ದೊಡ್ಡ ತುಂಡು. ಎಷ್ಟು ಕಚ್ಚಿದರೆ ತಾತ ಕರಗುತ್ತಾನೆ ಅನ್ನುವ ಹದವನ್ನು ಅವಳಿಗೆ ಆ ಮೂರು ದಿನದಲ್ಲಿ ನಾನೇ ತಿಳಿಸಿಕೊಟ್ಟೆ.

ಆಮೇಲೆ ಅದು ಆಲೆಮನೆಯಲ್ಲಿ ನಿಲ್ಲಲಿಲ್ಲ. ಮನೆಯಲ್ಲೂ ಶುರುವಾಯಿತು. ಪುಸ್ತಕದ ಗೀಟು ಇಪ್ಪತ್ತು ದಾಟಿ ಮೂವತ್ತಕ್ಕೆ ಹೋಯಿತು. ತಟ್ಟುವುದು ನಿಂತೇಹೋಯಿತು. ಸವಿತ ರಾತ್ರಿಯೂಟ ಬಿಟ್ಟಳು. ಮೇಡಂ ಎಲ್ಲರನ್ನೂ ಮಂಡ್ಯಕ್ಕೆ ಬರಹೇಳಿದರು. ಮಹೇಶ ರಜೆ ಹಾಕಿ ಬಂದ.

ಮೇಡಂ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿದರು. "ಆಲೆಮನೇಲಿ ಸೊನ್ನೆ, ಮನೇಲಿ ಮೂವತ್ತು. ಎಲ್ಲೋ ಏನೋ ಸಿಗ್ತಿದೆ ಇವಳಿಗೆ" ಅಂದರು. ಆಮೇಲೆ ಪುಸ್ತಕ ಮುಚ್ಚಿ, ಯಾರ ಮುಖವನ್ನೂ ನೋಡದೆ, "ಪಾಪ ಅಂತ ಯಾರಾದ್ರೂ ಕೊಟ್ಟಿದ್ರೆ ಅದೇನೂ ದೊಡ್ಡ ತಪ್ಪಲ್ಲ. ಎಲ್ಲ ಮನೇಲೂ ಆಗುತ್ತೆ. ಹೇಳಿದ್ರೆ ಇವತ್ತೇ ಸರಿ ಮಾಡೋಕೆ ಶುರು ಮಾಡ್ಬೋದು" ಅಂದರು.

ಇದಕ್ಕಿಂತ ಮೆತ್ತಗೆ ಯಾರೂ ಕೇಳಲಾರರು. ನಾನು, "ನನ್ನತ್ರ ನೆಟ್ಗೇ ಇರ್ತಾಳೆ ಮೇಡಂ. ಅವ್ರಮ್ಮನ್ ಕಂಡ್ರೇನೆ ಈ ಆಟವೆಲ್ಲ" ಅಂದೆ.

ಸವಿತ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಆಗ ಇದ್ದದ್ದು ಕೋಪವಲ್ಲ. ನಿಂತಿದ್ದ ನೆಲ ಕುಸಿದವರ ಹಾಗೆ ನೋಡಿದಳು.

ಹೊರಗೆ ಮೆಟ್ಟಿಲ ಹತ್ತಿರ ಮಹೇಶ ಅವಳನ್ನು ತಡೆದು ನಿಲ್ಲಿಸಿದ. "ನಮ್ಮಪ್ಪನತ್ರ ತೆಪ್ಪಗಿರೋ ಕೂಸು ನಿನ್ನತ್ರ ಯಾಕಮ್ಮಿ ಇಂಗಾಡ್ತದೆ? ಏನ್ ಮಾಡಿದ್ದೀಯ ಅದ್ಕೆ?" ಬೇರೆ ಮಕ್ಕಳ ತಾಯಂದಿರು ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಚಪ್ಪಲಿ ಕಾಲಲ್ಲೇ ಇತ್ತು.

ಮನೆಗೆ ಬಂದ ಮೇಲೆ ನಿಂಗಮ್ಮ ಸೇರಿಕೊಂಡಳು. "ಹೆತ್ತ ಕೂಸ್ಗೆ ಗೀಟ್ ಎಳ್ಕಂಡ್ ಕೂರೋಳ್ನ ಎಲ್ಲಾದ್ರೂ ಕಂಡಿದ್ದೀರಾ? ಕೂಸ್ಗೂ ಗೊತ್ತಾಗ್ತದೆ ಬುಡಿ, ಯಾರ್ಗೆ ಕರುಳು ಐತೆ, ಯಾರ್ಗಿಲ್ಲ ಅಂತ."

ಮಾರನೇ ಬೆಳಿಗ್ಗೆ ನಾನು ಜಗುಲಿಯಲ್ಲಿ ಕೂತಿದ್ದೆ. ಸವಿತ ಒಗೆಯುವ ಬಟ್ಟೆಯ ಬುಟ್ಟಿಯಿಂದ ಮಗುವಿನ ಲಂಗ ತೆಗೆದು ನನ್ನ ಮುಂದೆ ಹಿಡಿದಳು. ಜೇಬಿನಲ್ಲಿ ಬೆಲ್ಲ ಗಟ್ಟಿಯಾಗಿ ಅಂಟಿತ್ತು, ಅದರ ತುಂಬ ಇರುವೆ.

"ಮಾವ, ಇದು ಚೈತ್ರನ್ ಲಂಗ" ಅಂದಳು. ಅಷ್ಟೇ. ಮಾವನಿಗೆ ನೀನು ಸುಳ್ಳುಗಾರ ಅಂತ ನಮ್ಮ ಕಡೆಯ ಸೊಸೆ ಹೇಳುವ ಹಾಗಿಲ್ಲ. ಅವಳಿಗೆ ಹೇಳಲು ಇದ್ದ ದಾರಿ ಅದೊಂದೇ.

"ಆಲೆಮನೇಲಿ ಓಡಾಡುದ್ರೆ ಅಂಟ್ಕತದೆ ಕಣಮ್ಮ" ಅಂದೆ.

"ಆಯ್ತು ಮಾವ" ಅಂದಳು. ಹಿತ್ತಲಿಗೆ ಹೋಗಿ ಲಂಗ ಒಗೆದು ಹರವಿದಳು. ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ. ಲಂಗ ಒಣಗುವ ಹೊತ್ತಿಗೆ ಬಟ್ಟೆ ತುಂಬಿಕೊಂಡು, ಮಗುವನ್ನು ಎತ್ತಿಕೊಂಡು ಮಳವಳ್ಳಿಗೆ ತವರಿಗೆ ಹೋದಳು. ಮಹೇಶ ತಡೆಯಲಿಲ್ಲ.

ಸಂಕ್ರಾಂತಿ ಬಂತು. ಊರ ಮಕ್ಕಳೆಲ್ಲ ಹೊಸ ಬಟ್ಟೆ ಹಾಕಿಕೊಂಡು ಎಳ್ಳು ಬೆಲ್ಲ ಬೀರಲು ನಮ್ಮನೆಗೂ ಬಂದರು. ಅವತ್ತಾದರೂ ಹೇಳಬಹುದಾಗಿತ್ತು, ಮಹೇಶ ಪಕ್ಕದಲ್ಲೇ ಇದ್ದ. ಹೇಳಲಿಲ್ಲ. ಅವನು ಎರಡು ಸಲ ಮಳವಳ್ಳಿಗೆ ಹೋಗಿ ಬಂದ. ಕೈ ಮಾಗಿದೆ, ಮೇಡಂ ಫೋನಿನಲ್ಲೇ ನೋಡಿ ಹೇಳಿಕೊಡುತ್ತಾರೆ, ಮತ್ತೆ ತಟ್ಟುತ್ತಾಳೆ, 'ಕೊ' ಅನ್ನುತ್ತಾಳೆ ಅಂದ. ನಿಂಗಮ್ಮ, "ಅಲ್ಲಿ ಸವಿತನ್ ಅವ್ವ ನೋಡ್ಕತಾಳೆ, ಅದ್ಕೆ" ಅಂದಳು. ನಾನು ಹೂಂ ಅಂದೆ.

ಯುಗಾದಿ ಕಳೆದು ಎಂಟು ದಿನಕ್ಕೆ ನಾನೊಬ್ಬನೇ ಮಳವಳ್ಳಿ ಬಸ್ಸು ಹತ್ತಿದೆ. ಬೆಲ್ಲ ತೆಗೆದುಕೊಂಡು ಹೋಗಲಿಲ್ಲ, ಬಾಳೆಹಣ್ಣು ಮಾತ್ರ. ಸವಿತಳ ತಾಯಿ ನೀರು ಕೊಟ್ಟು ಜಗುಲಿಯ ಮೇಲೆ ಚಾಪೆ ಹಾಸಿದರು. ಚೈತ್ರ ಆ ತುದಿಯಲ್ಲಿ ಹುಣಸೆಬೀಜ ಸಾಲಾಗಿ ಜೋಡಿಸುತ್ತ ಕೂತಿದ್ದಳು. ಮಣಿಕಟ್ಟಿನಲ್ಲಿ ಪಟ್ಟಿ ಇರಲಿಲ್ಲ, ಬಿಳಿ ಕಲೆ ಮಾತ್ರ ಇತ್ತು. ನನಗೆ ಜೀವ ಬಂದ ಹಾಗಾಯಿತು.

"ಎಲ್ಡ್ ತಿಂಗ್ಳಾಯ್ತು ಬೀಗ್ರೆ, ಒಂದ್ ಸಲನಾರ ಕಚ್ಕಂಡಿಲ್ಲ ಕೂಸು" ಅಂದರು ಆಕೆ.

ಆ ಮಾತು ಬಾಯಲ್ಲಿರುವಾಗಲೇ ಚೈತ್ರ ತಲೆ ಎತ್ತಿದಳು. ನನ್ನನ್ನು ನೋಡಿದಳು. ಹುಣಸೆಬೀಜ ಬಿಟ್ಟು ಎದ್ದು ಓಡಿ ಬಂದು, ನನ್ನ ಮೊಣಕಾಲಿನ ಮುಂದೆ ನಿಂತು, ನನ್ನ ಮುಖವನ್ನೇ ನೋಡುತ್ತ ಮಣಿಕಟ್ಟನ್ನು ಬಾಯಿಗಿಟ್ಟಳು.

ಅವಳ ಕಣ್ಣು ಹೊಳೆಯುತ್ತಿತ್ತು. ತಾತನನ್ನು ಕಂಡ ಸಂತೋಷ ಅದು. ನನ್ನನ್ನು ಮಾತಾಡಿಸಲು ಅವಳಿಗೆ ಬರುತ್ತಿದ್ದ ಭಾಷೆ ಅದೊಂದೇ. ಹಲ್ಲು ಆ ಬಿಳಿ ಕಲೆಯ ಮೇಲೆ ಇಳಿಯಿತು.

ಬೀಗಿತ್ತಿ ಬಾಯಿ ತೆರೆದು ನಿಂತರು. ಬಾಗಿಲಲ್ಲಿ ಸವಿತ ನಿಂತಿದ್ದಳು. ಇನ್ನು ಹೇಳಲು ಏನೂ ಉಳಿದಿರಲಿಲ್ಲ. ಆದರೂ ಹೇಳಿದೆ.

"ನಾನೇ ಕೊಡ್ತಿದ್ದೆ ಕಣಮ್ಮ. ದಿನಾ ಕೊಡ್ತಿದ್ದೆ."

"ಗೊತ್ತು ಮಾವ."

"ಗೊತ್ತಿದ್ದೂ ಯಾಕವ್ವ ಸುಮ್ಕಿದ್ದೆ?"

"ನೀವು ಇಲ್ಲ ಅಂದ್ಮೇಲೆ ನಾನ್ ಯಾರ್ಗ್ ಯೋಳ್ಲಿ? ಅವತ್ತು ಮಂಡ್ಯದಲ್ಲಿ ಈ ಮಾತ್ ಅಂದಿದ್ರೆ ನಂಗೆ ಸಾಕಾಗಿತ್ತು" ಅಂದಳು. "ಈಗ ಒಸಿ ಆ ಕಡೆ ತಿರ್ಗ್ ಕೂತ್ಕಳಿ. ಅವಳ್ ಮಕ ನೋಡ್ಬ್ಯಾಡಿ. ಮಾತಾಡ್ಬ್ಯಾಡಿ."

ನಾನು ಬೀದಿಗೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ ಆ ಸದ್ದು ಕೇಳುತ್ತಿತ್ತು. ಹಲ್ಲು ಚರ್ಮವನ್ನು ಹಿಡಿಯುವ ಒದ್ದೆ ಸದ್ದು. ಚೈತ್ರ ಸುತ್ತಿ ನನ್ನ ಮುಂದೆ ಬಂದಳು, ನಾನು ಕಣ್ಣು ಮುಚ್ಚಿಕೊಂಡೆ. ನನ್ನ ಪಂಚೆ ಹಿಡಿದು ಎಳೆದಳು. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಸದ್ದು ನಿಂತಿತು. "ತಟ್ಟು ಮಗ" ಅಂದಳು ಸವಿತ. ಎರಡು ಸಲ ಅಂಗೈ ತಟ್ಟಿದ್ದು ಕೇಳಿಸಿತು. "ಜಾಣೆ ನನ್ನವ್ವ" ಅಂತ ಸವಿತ ಅವಳನ್ನು ಎತ್ತಿಕೊಂಡು ಒಳಗೆ ಹೋದಳು.

ವಾಪಸ್ಸು ಬರುವಾಗ ಮಂಡ್ಯದಲ್ಲಿ ಇಳಿದು ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. "ನೀವು ಕಲಿಸಿದ್ದನ್ನ ಅವಳು ಚೆನ್ನಾಗಿ ಕಲಿತಳು ತಾತ. ಅದೂ ಕಲಿಕೇನೇ" ಅಂದರು. ಇನ್ನು ನಾನು ಆ ಮಗುವಿನ ಕಣ್ಣಿಗೆ ಬೀಳುವುದಿಲ್ಲ ಅಂದೆ. "ಹಾಗೆ ಮಾಡಿದ್ರೆ ನಿಮ್ಮ ಮುಖಕ್ಕೆ ಅಂಟಿರೋದು ಹಾಗೇ ಉಳಿಯುತ್ತೆ. ನೀವು ಎದುರಿಗಿದ್ದು, ಕೊಡದೆ ಇದ್ದು, ಅವಳು ತಟ್ಟಿದಾಗ ಮಾತ್ರ ಕೊಡ್ಬೇಕು. ಕಷ್ಟ. ಆದ್ರೆ ಬೇರೆ ಯಾರೂ ಇದನ್ನ ಮಾಡೋಕಾಗಲ್ಲ" ಅಂದರು. ಎಷ್ಟು ದಿನ ಅಂತ ಕೇಳಿದೆ. ಹೇಳಲಾಗುವುದಿಲ್ಲ ಅಂದರು.

ಆ ಬೇಸಿಗೆಯಲ್ಲೇ ಆಲೆಮನೆಯನ್ನು ಬೋರಣ್ಣನಿಗೆ ಬಿಟ್ಟುಕೊಟ್ಟೆ. ಮಹೇಶ ಮಂಡ್ಯದಲ್ಲಿ ಮನೆ ಮಾಡಿ ಸವಿತಳನ್ನೂ ಮಗುವನ್ನೂ ಕರೆಸಿಕೊಂಡ. ಅವನಿಗೆ ನಿಜ ಹೇಳಲು ನಾನು ಇನ್ನೂ ಒಂದು ವರ್ಷ ತೆಗೆದುಕೊಂಡೆ. ಸವಿತ ಅಷ್ಟು ದಿನವೂ ಅವನಿಗೆ ಹೇಳಿರಲಿಲ್ಲ. ಎರಡು ತಿಂಗಳು ಅವನು ನನ್ನ ಫೋನು ಎತ್ತಲಿಲ್ಲ. ನಿಂಗಮ್ಮನಿಗೆ ಮಾತ್ರ ಹೇಳಲೇ ಇಲ್ಲ. ಸಾಯುವವರೆಗೂ ಅವಳು ಸೊಸೆಯನ್ನೇ ದೂರುತ್ತಿದ್ದಳು. ಅದನ್ನು ಕೇಳಿಕೊಂಡು ನಾನು ಅವಳ ಪಕ್ಕದಲ್ಲಿ ಕೂತಿದ್ದೆ.

ಚೈತ್ರಳಿಗೆ ಈಗ ಹನ್ನೆರಡು. ಇಪ್ಪತ್ತು ಮೂವತ್ತು ಮಾತು ಬರುತ್ತವೆ. ತನ್ನ ತಟ್ಟೆ ತಾನೇ ತೊಳೆಯುತ್ತಾಳೆ. ನಾನು ಪ್ರತಿ ಗುರುವಾರ ಹೋಗುತ್ತೇನೆ. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಅವಳ ಬಲಗೈ ಮೇಲೇಳುತ್ತದೆ. ಎದೆಯವರೆಗೆ ಬಂದು ನಿಲ್ಲುತ್ತದೆ. ಒಂದು ಕ್ಷಣ ಯೋಚಿಸುತ್ತಾಳೆ. ಆಮೇಲೆ ಕೈ ಇಳಿಸಿ, ಎಡ ಅಂಗೈ ಚಾಚಿ ತಟ್ಟಿ, "ತಾತ, ಕೊಡು" ಅನ್ನುತ್ತಾಳೆ. ಎಷ್ಟು ದೂರ ಬಂದಳು ನೋಡಿ ಅಂತ ಮೇಡಂ ಸಂತೋಷಪಡುತ್ತಾರೆ. ಸವಿತಳೂ ಸಂತೋಷಪಡುತ್ತಾಳೆ, ನನಗೆ ಕಾಫಿ ಕೊಡುತ್ತಾಳೆ. ನನ್ನ ಕಣ್ಣು ಮಾತ್ರ ಆ ಕೈ ಮೇಲೇಳುವುದನ್ನೇ ನೋಡುತ್ತದೆ. ಅಪ್ಪನನ್ನು ಕಂಡರೆ ಅದು ಏಳುವುದಿಲ್ಲ. ಅಮ್ಮನನ್ನು ಕಂಡರೆ ಏಳುವುದಿಲ್ಲ. ಗ್ಯಾಸ್ ಸಿಲಿಂಡರ್ ತರುವವನನ್ನು ಕಂಡರೂ ಏಳುವುದಿಲ್ಲ. ನನ್ನೊಬ್ಬನನ್ನು ಕಂಡರೆ ಏಳುತ್ತದೆ.